ಪಾಸಮ್ ರಾಸ್ ಬಂಡೆ ಸಂದಿಯಿಂದ ಹೊರಗೇ ಬರ್ತಿಲ್ಲ: ಕೊಡಗಿನ ಚಳಿಯಲ್ಲಿ ಉಪ್ಪುನೀರಿನ ಟ್ಯಾಂಕ್

ಸೋಮವಾರಪೇಟೆ ಟ್ಯಾಂಕ್
ಎಲ್ಲರಿಗೂ ನಮಸ್ಕಾರ. ವಿವರ ಮೊದಲೇ ಕೊಡ್ತೀನಿ, ಆಮೇಲೆ ಕೇಳೋದು ಬೇಡ. ಟ್ಯಾಂಕ್ 3 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಬಂಡೆ ಕಳೆದು ನೀರು ಸುಮಾರು 125 ಲೀಟರ್. ಸಾಂದ್ರತೆ 1.025, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10. ಪಿಎಚ್ ಬೆಳಿಗ್ಗೆ 7.8. ಉಷ್ಣತೆ ಮಧ್ಯಾಹ್ನ 25.5, ಬೆಳಗಿನ ಜಾವ 22.5 ಡಿಗ್ರಿ.

ಮೊದಲಿಂದ ಇರೋದು ಒಂದು ಜೋಡಿ ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ (ರಾಸ್ ಅಂದರೆ ಕಡಲ ಮೀನಿನ ಒಂದು ಕುಟುಂಬ). ಈಗ ಬಿಟ್ಟಿರೋದು ಬಿಳಿಪಟ್ಟೆಯ ಪಾಸಮ್ ರಾಸ್, 4 ಸೆಂಟಿಮೀಟರ್ ಇರಬಹುದು. ಬಿಟ್ಟು ವಾರ ಕಳೀತು. ದೀಪ ಆರಿದ ಮೇಲೆ ಮೂತಿ ಮಾತ್ರ ಕಾಣುತ್ತೆ. ಗುಳಿಗೆ ಆಹಾರ ಮುಟ್ಟೋದೇ ಇಲ್ಲ. ಫ್ರೋಜನ್ ಮೈಸಿಸ್ (ಸಣ್ಣ ಸಿಗಡಿಯಂಥ ಆಹಾರ) ಹಾಕಿದರೆ ಅದರ ಹತ್ತಿರ ಹೋಗೋಷ್ಟರಲ್ಲಿ ಕ್ಲೌನ್ ಮುಗಿಸಿರುತ್ತೆ. ಕಾಯಿಲೆಯಾ, ಸ್ವಭಾವವಾ?

ಕುಶಾಲನಗರ ಉಪ್ಪುನೀರು
ಅರ್ಧ ಸ್ವಭಾವ, ಇನ್ನರ್ಧ ನಿಮ್ಮ ಸಿಕ್ಸ್‌ಲೈನ್.

ಪಾಸಮ್ ಅಂದರೆ ವೆಟ್ಮೊರೆಲ್ಲಾ ಕುಲ. ಅದರಲ್ಲಿ ನೈಗ್ರೊಪಿನ್ನಾಟಾ ಜಾತಿ 8 ಸೆಂಟಿಮೀಟರ್‌ವರೆಗೆ ಬೆಳೆಯುತ್ತೆ, ನಿಮ್ಮಲ್ಲಿರುವ ಆಲ್ಬೊಫ್ಯಾಸಿಯಾಟಾ 6ಕ್ಕೇ ನಿಲ್ಲುತ್ತೆ. ಎರಡೂ ಹವಳ ದಿಬ್ಬದ ಗುಹೆ, ಬಿರುಕುಗಳ ಒಳಗೇ ಬದುಕುವ ಮೀನು. ಬಯಲಲ್ಲಿ ಈಜಾಡುವ ಫೇರಿ ರಾಸ್ ಥರ ಇದು ಇರಲಿ ಅಂತ ಕಾಯ್ತಾ ಕೂತರೆ ನಿರಾಸೆ ಖಂಡಿತ. ಚೆನ್ನಾಗಿ ನೆಲೆಯೂರಿದ ಪಾಸಮ್ ಕೂಡ ಬಂಡೆಗೆ ಮೈ ತಾಗುವಷ್ಟು ಹತ್ತಿರದಲ್ಲೇ ನಿಧಾನಕ್ಕೆ ಸುತ್ತುತ್ತೆ, ಚಾಚಿದ ಬಂಡೆಯ ಅಡಿಯಲ್ಲಿ ಹೊಟ್ಟೆ ಮೇಲಾಗಿ ಈಜುತ್ತೆ. ಅದನ್ನು ನೋಡಿ ಸಾಯ್ತಾ ಇದೆ ಅಂತ ಗಾಬರಿಯಾಗಿ ಬಲೆ ಹಾಕುವವರಿದ್ದಾರೆ, ಹಾಕಬೇಡಿ. ಒಂದೊಂದು ಕಣ್ಣನ್ನು ಒಂದೊಂದು ಕಡೆ ತಿರುಗಿಸುತ್ತಾ ಬಂಡೆಯ ಮೇಲಿನ ಸಣ್ಣ ಹುಳ ಹುಡುಕೋದು ಅದರ ದಿನದ ಕೆಲಸ. ಅದು ಕಾಣಿಸ್ತಾ ಇದ್ದರೆ ಮೀನು ಸರಿಯಾಗಿದೆ ಅಂತಲೇ ಲೆಕ್ಕ.

ಸಿಕ್ಸ್‌ಲೈನ್ ವಿಷಯ ಬೇರೆ. ಅದೂ ಬಂಡೆ ಸಂದಿಯ ಮೀನೇ, ತಿನ್ನೋದೂ ಅದೇ ಹುಳ, 10 ಸೆಂಟಿಮೀಟರ್‌ವರೆಗೆ ಬೆಳೆಯುತ್ತೆ. ಮೂರಡಿ ಟ್ಯಾಂಕ್‌ನಲ್ಲಿ ಮೊದಲು ಬಂದು ಕೂತಿರುವ ಸಿಕ್ಸ್‌ಲೈನ್, ಹಿಂದೆ ಬಂದ ಸಣ್ಣ ರಾಸ್ ಅನ್ನು ಹಗಲೆಲ್ಲಾ ಅಟ್ಟುತ್ತೆ. ಕಚ್ಚಿದ ಗಾಯ ಕಾಣಲೇಬೇಕು ಅಂತಿಲ್ಲ, ತಲೆ ಎತ್ತಲು ಬಿಡದಿದ್ದರೆ ಸಾಕು, ಪಾಸಮ್ ಉಪವಾಸದಲ್ಲೇ ಸೊರಗುತ್ತೆ. ಬೆನ್ನಿನ ಮೇಲ್ಭಾಗ, ತಲೆಯ ಹಿಂದೆ ನೋಡಿ. ಅಲ್ಲಿ ಮಾಂಸ ಇಳಿದು ಚೂಪಾಗಿದ್ದರೆ ಇವತ್ತೇ ಏನಾದರೂ ಮಾಡಬೇಕು.

ಸೋಮವಾರಪೇಟೆ ಟ್ಯಾಂಕ್
ಬೆನ್ನು ತುಂಬಿಕೊಂಡೇ ಇದೆ, ಹೊಟ್ಟೆ ಸ್ವಲ್ಪ ಒಳಗೆ ಹೋಗಿದೆ. ಸಿಕ್ಸ್‌ಲೈನ್ ಹಿಡಿಯೋದು ಹೇಗೆ? ಬಲೆ ಕಂಡರೆ ಮಾಯ. ಬಂಡೆ ಎಲ್ಲ ತೆಗೆಯಬೇಕಾ?

ಕುಶಾಲನಗರ ಉಪ್ಪುನೀರು
ಬಂಡೆ ತೆಗೆದರೆ ಪಾಸಮ್‌ಗೇ ಪೆಟ್ಟು. 1 ಲೀಟರ್ ನೀರಿನ ಬಾಟಲಿ ತಗೊಳ್ಳಿ. ಕುತ್ತಿಗೆ ಇಳಿಜಾರು ಮುಗಿಯುವ ಜಾಗದಲ್ಲಿ ಕತ್ತರಿಸಿ, ಆ ತುಂಡನ್ನು ತಿರುಗಿಸಿ ಬಾಯಿ ಒಳಮುಖವಾಗುವ ಹಾಗೆ ಸಿಕ್ಕಿಸಿ. ಬದಿಯಲ್ಲಿ ಸೂಜಿ ಕಾಯಿಸಿ ಹತ್ತಾರು ತೂತು ಮಾಡಿದರೆ ಆಹಾರದ ವಾಸನೆ ಹೊರಗೆ ಹರಿಯುತ್ತೆ. ಒಳಗೆ ಒಂದು ತುಂಡು ಸಿಗಡಿ, ತೂಕಕ್ಕೆ ಒಂದು ಸಣ್ಣ ಕಲ್ಲು. ಅವತ್ತು ಬೆಳಿಗ್ಗೆ ಊಟ ಹಾಕದೆ ದೀಪ ಹತ್ತಿದ ಕೂಡಲೇ ಇಳಿಸಿ, ಎದುರು ನಿಲ್ಲಬೇಡಿ. ಕ್ಲೌನ್ ಸಿಕ್ಕಿಬಿದ್ದರೆ ಬಿಟ್ಟು ಮತ್ತೆ ಇಳಿಸಿ.

ಅದನ್ನು ಕೊಟ್ಟುಬಿಡೋದೇ ಒಳ್ಳೇದು. ಕೊಡಲು ಮನಸ್ಸಿಲ್ಲ ಅಂದರೆ ತೂತಿರುವ ಅಕ್ಲಿಮೇಶನ್ ಡಬ್ಬಿಯಲ್ಲಿ ಅದೇ ಟ್ಯಾಂಕ್ ಒಳಗೆ ಒಂದು ವಾರ ಕೂಡಿಹಾಕಿ. ಅಷ್ಟರಲ್ಲಿ ಪಾಸಮ್ ಜಾಗ ಹಿಡಿಯುತ್ತೆ. ಡಬ್ಬಿಯಿಂದ ಬಿಟ್ಟ ಮೇಲೆ ಮತ್ತೆ ಅಟ್ಟಿದರೆ ಎರಡನೇ ಅವಕಾಶ ಕೊಡಬೇಡಿ.

ಮಡಿಕೇರಿ ಮಂಜು
ಮೀನಿನ ಜಗಳದ ಬಗ್ಗೆ ಮೇಲೆ ಹೇಳಿದ್ದು ಸರಿ. ಆದರೆ 25.5ರಿಂದ 22.5ಕ್ಕೆ ಇಳಿಯೋದನ್ನು ಯಾರೂ ಹಿಡಿಯಲಿಲ್ಲವಲ್ಲ. ದಿನಾ 3 ಡಿಗ್ರಿ ಏರಿಳಿತ ಸಂಕೋಚದ ಮೀನಿಗೆ ಸಣ್ಣದಲ್ಲ. ತಣ್ಣಗಾದ ನೀರಲ್ಲಿ ಜೀರ್ಣ ನಿಧಾನ, ಓಡಾಟ ಕಡಿಮೆ, ಬೆಳಿಗ್ಗೆ ಹಸಿವೇ ಇರಲ್ಲ. ನೀವು ಬೆಳಿಗ್ಗೆ 8ಕ್ಕೆ ಊಟ ಹಾಕುವವರಾದರೆ ಅದು ಬರದೇ ಇರೋದಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು.

ಬೇರೆ ಊರಲ್ಲಿ ಚಿಲ್ಲರ್ ಚಿಂತೆ, ನಮ್ಮಲ್ಲಿ ಹೀಟರ್ ಚಿಂತೆ. ಡಿಸೆಂಬರ್ ರಾತ್ರಿ ಹೆಂಚಿನ ಮನೆಯ ಕೋಣೆ 14–15 ಡಿಗ್ರಿಗೆ ಇಳಿದರೆ, ನೀರನ್ನು 25ರಲ್ಲಿ ಹಿಡಿಯಲು ಲೀಟರಿಗೆ 1 ವಾಟ್‌ಗಿಂತ ಸ್ವಲ್ಪ ಮೇಲೆ ಬೇಕು. 125 ಲೀಟರ್‌ಗೆ 150 ವಾಟ್. ಒಂದೇ 150 ಹಾಕಬೇಡಿ, 75ರ ಎರಡು ಹಾಕಿ. ಒಂದು ಕೆಟ್ಟು ಉರಿಯುತ್ತಲೇ ಉಳಿದರೂ ಮೀನು ಬೇಯಲ್ಲ, ಒಂದು ಸತ್ತರೂ ಇನ್ನೊಂದು ಬೆಳಗಿನವರೆಗೆ ದೂಡುತ್ತೆ. ಹೀಟರಿನ ಒಳಗಿನ ಥರ್ಮೋಸ್ಟಾಟ್ ನಂಬಬೇಡಿ. ಹೊರಗೆ ಪ್ರತ್ಯೇಕ ಕಂಟ್ರೋಲರ್ ಹಾಕಿ 25ಕ್ಕೆ ಇಡಿ, 0.5 ವ್ಯತ್ಯಾಸ ಕೊಡಿ. ಹೀಟರಿನ ಸ್ವಂತ ತಿರುಗಣೆಯನ್ನು 26.5ರಲ್ಲಿ ಬಿಡಿ, ಕಂಟ್ರೋಲರ್ ಕೈಕೊಟ್ಟರೆ ಅದೇ ತಡೆಯುತ್ತೆ. ಸೆನ್ಸರ್ ನೀರು ಹರಿಯುವ ಕಡೆ ಇರಲಿ, ಹೀಟರಿಗೆ ಅಂಟಿಕೊಂಡಿರಬಾರದು.

ಹಿಂಬದಿ, ಎರಡು ಪಕ್ಕಕ್ಕೆ 25 ಮಿಲಿಮೀಟರ್ ಥರ್ಮೊಕೋಲ್ ಅಂಟಿಸಿ. ಶಾಖ ಉಳಿಯೋದು ಒಂದು ಲಾಭ. ಮೂರು ಕಡೆ ಕತ್ತಲಾದರೆ ಪಾಸಮ್‌ಗೆ ಬೆನ್ನ ಹಿಂದೆ ಗೋಡೆ ಸಿಕ್ಕಂತಾಗುತ್ತೆ, ಅದು ಎರಡನೇ ಲಾಭ.

ಸಿದ್ದಾಪುರ ಕೆರೆಮೀನು
ಮಂಜು ಅಣ್ಣ, ಕರೆಂಟ್ ಹೋದರೆ? ಕಕ್ಕಡದ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು.

ಮಡಿಕೇರಿ ಮಂಜು
ಹೊರಗೂ ಒಳಗೂ 10 ಡಿಗ್ರಿ ವ್ಯತ್ಯಾಸ ಇದ್ದಾಗ ಇಂಥ ಟ್ಯಾಂಕ್ ಗಂಟೆಗೆ ಸುಮಾರು ಅರ್ಧ ಡಿಗ್ರಿ ಇಳಿಯುತ್ತೆ, ಥರ್ಮೊಕೋಲ್ ಇದ್ದರೆ ಇನ್ನೂ ನಿಧಾನ. ಮಳೆಗಾಲದಲ್ಲಿ ಕೋಣೆ 19–20 ಇರೋದರಿಂದ ಚಳಿಗಿಂತ ಮೊದಲು ಕಾಡೋದು ಆಮ್ಲಜನಕ. ಆದ್ದರಿಂದ ಇನ್ವರ್ಟರ್‌ನಲ್ಲಿ ಮೊದಲ ಪಾಲು ನೀರು ಅಲುಗಿಸುವ ವೇವ್‌ಮೇಕರ್ ಪಂಪಿಗೆ.

ಲೆಕ್ಕ ಹಾಕಿ ನೋಡಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ. ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ 900. ಎರಡೂ ಹೀಟರ್ ನಿರಂತರ ಉರಿದರೆ 6 ಗಂಟೆಯಲ್ಲಿ ಖಾಲಿ. 8 ವಾಟಿನ ಡಿಸಿ ವೇವ್‌ಮೇಕರ್ ಒಂದೇ ಆದರೆ, ಇನ್ವರ್ಟರ್ ತಾನೇ ತಿನ್ನೋದನ್ನು ಕಳೆದರೂ ಎರಡು ದಿನದ ಮೇಲೆ ಬರುತ್ತೆ. ಹೀಟರನ್ನು ಬೇರೆ ಪ್ಲಗ್‌ನಲ್ಲಿಟ್ಟು, ನೀರು 22ಕ್ಕೆ ಇಳಿದಾಗ ಮಾತ್ರ ಇನ್ವರ್ಟರಿಗೆ ಸೇರಿಸಿ. ಸೈನ್ ವೇವ್ ಇನ್ವರ್ಟರ್ ಆಗಿರಲಿ. ಚೌಕ ತರಂಗದ ಹಳೇ ಇನ್ವರ್ಟರಿನಲ್ಲಿ ಎಸಿ ಪಂಪ್ ಗುಂಯ್ ಅಂತ ಬಿಸಿಯಾಗುತ್ತೆ. ಕರೆಂಟ್ ಇಲ್ಲದಾಗ ಊಟ ಬಂದ್.

ಇನ್ನೊಂದು. ಟ್ಯಾಂಕಿನ ಲೈನ್‌ಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ವಯರ್ ಪ್ಲಗ್‌ಗಿಂತ ಕೆಳಗೆ ಇಳಿದು ಮೇಲೆ ಹೋಗುವ ಹಾಗೆ ಬಾಗಿಸಿ. ಉಪ್ಪುನೀರು ವಯರ್ ಹಿಡಿದು ಸಾಕೆಟ್‌ಗೇ ಹೋಗುತ್ತೆ.

ವಿರಾಜಪೇಟೆ ರೀಫ್
ಆಮ್ಲಜನಕದ ಮಾತು ಬಂತು, ಒಂದು ಸೇರಿಸ್ತೀನಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಗಾಳಿಯ ಒತ್ತಡ ಅಲ್ಲಿ ಕರಾವಳಿಗಿಂತ 13% ಕಡಿಮೆ, ನೀರು ಹಿಡಿದುಕೊಳ್ಳುವ ಆಮ್ಲಜನಕವೂ ಅಷ್ಟೇ ಕಡಿಮೆ. 25 ಡಿಗ್ರಿಯ ಸಮುದ್ರದ ನೀರು ಮಂಗಳೂರಲ್ಲಿ ಲೀಟರಿಗೆ 6.7 ಮಿಲಿಗ್ರಾಂ ಹಿಡಿದರೆ ಮಡಿಕೇರಿಯಲ್ಲಿ 5.9 ಹತ್ತಿರ. ಹಗಲು ಇದು ಗೊತ್ತೇ ಆಗಲ್ಲ. ರಾತ್ರಿ, ಅದರಲ್ಲೂ ಔಷಧಿ ಹಾಕಿದಾಗ ಗೊತ್ತಾಗುತ್ತೆ. ವೇವ್‌ಮೇಕರ್ ಮೂತಿ ಮೇಲ್ಮುಖವಾಗಿ ತಿರುಗಿಸಿ ನೀರಿನ ಮೇಲ್ಮೈ ನಿರಂತರ ಅಲುಗುವ ಹಾಗಿಡಿ. ಬಂಡೆಯ ಸಂದಿಗೆ ನೇರ ಹೊಡೆತ ಬೇಡ, ಪಾಸಮ್ ನಿಧಾನ ನೀರಿನ ಮೀನು.

ಪಿಎಚ್ 7.8 ಇರೋದು ನೀರಿನ ದೋಷ ಆಗಿರಲಿಕ್ಕಿಲ್ಲ. ಚಳಿ, ಮಳೆ ಅಂತ ಕಿಟಕಿ ಮುಚ್ಚಿ, ಒಳಗೆ ಸೌದೆ ಒಲೆ ಉರಿಸಿದರೆ ಕೋಣೆಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಪಿಎಚ್ ಇಳಿಸುತ್ತೆ. ಪರೀಕ್ಷೆ ಸುಲಭ: ಒಂದು ಲೋಟ ಟ್ಯಾಂಕ್ ನೀರನ್ನು ಜಗಲಿಗೆ ತಂದು ಒಂದು ಗಂಟೆ ಏರ್ ಪಂಪ್ ಓಡಿಸಿ ಅಳೆಯಿರಿ. 0.2 ಏರಿದರೆ ತಪ್ಪು ಕೋಣೆಯದು. ಆಗ ಪಿಎಚ್ ಏರಿಸುವ ಬಫರ್ ಪುಡಿ ಸುರಿಯಬೇಡಿ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಡಿ. ತುದಿ ಕೆಳಮುಖ ಇರಲಿ, ಹುಳ ಹೋಗದಂತೆ ಬಲೆ ಕಟ್ಟಿ.

ತೋಟಕ್ಕೆ ಔಷಧಿ ಹೊಡೆಯುವ ದಿನ ಮಾತ್ರ ಆ ಕೊಳವೆ ಮರೆಯದೆ ಒಳಗೆಳೆಯಿರಿ.

ಗೋಣಿಕೊಪ್ಪ ಸಾಗರ
ವಿರಾಜಪೇಟೆಯವರು ಕೊನೆಗೆ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕೊಡಗಿನಲ್ಲಿ ಕಾಫಿಗೂ ಮೆಣಸಿಗೂ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯದ ತೋಟ ಎಲ್ಲಿದೆ? 1% ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ, ಹಾಗಾಗಿ ದ್ರಾವಣದ ಒಂದೊಂದು ಮಿಲಿಲೀಟರಿನಲ್ಲೂ 2.5 ಮಿಲಿಗ್ರಾಂ. 10 ಮಿಲಿ 125 ಲೀಟರಿಗೆ ಬಿದ್ದು ಅಷ್ಟೂ ಕರಗಿದರೆ ಲೀಟರಿಗೆ 0.2 ಮಿಲಿಗ್ರಾಂ. ಮೀನಿನ ಪರಾವಲಂಬಿ ಕೊಲ್ಲಲು ಬಳಸುವ ಪ್ರಮಾಣವೇ ಅದು. ಆ ಮಟ್ಟದಲ್ಲಿ ಸಿಗಡಿ, ಬಸವನಹುಳು, ಪಾಸಮ್ ತಿನ್ನುವ ಕೋಪೆಪಾಡ್ ಎಂಬ ಸಣ್ಣ ಜೀವಿ ಎಲ್ಲ ಮುಗಿಯುತ್ತೆ. ಮೀನು ಉಳಿದರೂ ಊಟ ಉಳಿಯಲ್ಲ. ಮೇಲಾಗಿ ಬಂಡೆ, ಮರಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡ್ತಾ ಇರುತ್ತೆ.

ಸ್ಪ್ರೇಗೆ ಬಳಸಿದ ಡ್ರಮ್ಮು, ಬಕೆಟ್ಟು, ಜಗ್ಗು ಎಷ್ಟೇ ತೊಳೆದರೂ ಟ್ಯಾಂಕ್ ಕೆಲಸಕ್ಕೆ ಬೇಡ. ಮಾಡಿನಿಂದ ಇಳಿಯುವ ಮಳೆನೀರು ಬೇಡ. ಹೊಡೆದು ಬಂದ ಕೈ ಅವತ್ತು ಟ್ಯಾಂಕಿಗೆ ಇಳಿಯೋದೇ ಬೇಡ.

ಇನ್ನು ಉಪ್ಪು ಬೆರೆಸುವ ನೀರಿಗೆ ಆರ್‌ಒ ಫಿಲ್ಟರ್. ಅಡುಗೆಮನೆಯ ಆರ್‌ಒ ನೀರು ಸಾಕು ಅಂದುಕೊಳ್ಳುವವರು ಎರಡು ವಿಷಯ ನೋಡಬೇಕು. ಒಂದು, ರುಚಿಗೆ ಅಂತ ಶುದ್ಧ ನೀರಿಗೆ ಮತ್ತೆ ಸ್ವಲ್ಪ ಕಚ್ಚಾ ನೀರು ಬೆರೆಸುವ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ತಿರುಗಣೆ. ಎರಡು, ಈಗಿನ ಕೆಲವು ಮಾದರಿಗಳಲ್ಲಿ ಆರೋಗ್ಯಕ್ಕೆ ಅಂತಲೇ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುತ್ತೆ. ನಮಗೆ ಆರೋಗ್ಯ, ಸಿಗಡಿಗೆ ವಿಷ. ಮೆಂಬ್ರೇನ್ ಆದ ಕೂಡಲೇ ಟೀ ಜಾಯಿಂಟ್ ಹಾಕಿ ನೀರು ತಗೊಳ್ಳಿ, ಅಲ್ಲಿಂದ ಉಳಿದ ಲವಣ ಹೀರುವ ಡಿಐ ರೆಸಿನ್ ಕೊಳವೆಯಲ್ಲಿ ಹಾಯಿಸಿ ಟಿಡಿಎಸ್ ಸೊನ್ನೆಗೆ ತನ್ನಿ. ನಮ್ಮ ಬಾವಿ ನೀರೇ 40 ಬರುತ್ತೆ, ಆರ್‌ಒ ಯಾಕೆ ಅಂತ ವಾದ ಮಾಡುವವರಿಗೆ ಒಂದೇ ಮಾತು: ಆ 40ರಲ್ಲಿ ಏನಿದೆ ಅಂತ ಮೀಟರ್ ಹೇಳಲ್ಲ.

ಸಿದ್ದಾಪುರ ಕೆರೆಮೀನು
ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಕಡಲು. ಕ್ಯಾನಲ್ಲಿ ನೀರು ತುಂಬಿಕೊಂಡು ಬಂದರೆ ಉಪ್ಪಿನ ದುಡ್ಡೂ ಉಳಿಯುತ್ತೆ, ಆರ್‌ಒ ರಗಳೆಯೂ ಇಲ್ಲ ಅಲ್ವಾ?

ಗೋಣಿಕೊಪ್ಪ ಸಾಗರ
ಜನವರಿಯಿಂದ ಏಪ್ರಿಲ್‌ವರೆಗೆ, ಹೊಳೆ ಸೇರುವ ಜಾಗ ಮತ್ತು ಬಂದರಿನಿಂದ ದೂರ, ಭರತದ ಹೊತ್ತಲ್ಲಿ ತುಂಬಿದರೆ ಆಗುತ್ತೆ. ಜೂನ್ ಆದಮೇಲೆ ಘಟ್ಟದ ಮಳೆಯೆಲ್ಲ ಅಲ್ಲೇ ಹೋಗಿ ಬೀಳೋದು, ದಡದ ನೀರು ಸಪ್ಪೆ. 100 ಲೀಟರ್ ಅಂದರೆ 102 ಕೆಜಿ ಭಾರ ಘಾಟಿ ಹತ್ತಿಸಬೇಕು. ಪ್ರತಿ ಸಲ ಉಪ್ಪಿನಂಶ ಬೇರೆ ಬೇರೆ ಬರುತ್ತೆ, ನಾಜೂಕು ಮೀನಿಗೆ ಆ ಬದಲಾವಣೆಯೇ ಕಿರಿಕಿರಿ. ನನ್ನ ಮತ ಪ್ಯಾಕೆಟ್ ಉಪ್ಪಿಗೆ. 100 ಲೀಟರಿಗೆ ಸುಮಾರು 3.7 ಕೆಜಿ, ಬೇರೆ ಡ್ರಮ್ಮಿನಲ್ಲಿ ಪಂಪ್, ಹೀಟರ್ ಹಾಕಿ 24 ಗಂಟೆ ತಿರುಗಿಸಿ, 25 ಡಿಗ್ರಿಗೆ ಬಂದ ಮೇಲೆ ಅಳೆದು ಹೊಂದಿಸಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಸಾವಿರಕ್ಕೆ 35 ಪಾಲು ಉಪ್ಪಿನ ದ್ರಾವಣದಲ್ಲೇ ಸರಿಮಾಡಿಕೊಳ್ಳಿ. ಮಳೆಗಾಲದಲ್ಲಿ ಉಪ್ಪಿನ ಚೀಲ ತೆರೆದಿಟ್ಟರೆ ತೇವ ಎಳೆದು ಕಲ್ಲಾಗುತ್ತೆ. ಕಲ್ಲಾದದ್ದನ್ನು ಕುಟ್ಟಿ ಬೆರೆಸಿದರೆ ಕ್ಯಾಲ್ಸಿಯಂ ಕೆಳಗೆ ಕೂತು ಕ್ಷಾರತೆ ಕಡಿಮೆ ಬರುತ್ತೆ. ರಬ್ಬರ್ ಅಂಚಿನ ಮುಚ್ಚಳದ ಡಬ್ಬಿಗೆ ಹಾಕಿಡಿ.

ಕಡಲಿಗೆ ಹೋದವರು ಹವಳದ ಕಲ್ಲು ಎತ್ತಿಕೊಂಡು ಬರಬೇಡಿ, ಸತ್ತದ್ದಾದರೂ ಬೇಡ. ಗಟ್ಟಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಸೆರಾಮಿಕ್ ಬಂಡೆ ಸಾಕು.

ಪೊನ್ನಂಪೇಟೆ ಅಕ್ವೇರಿಯಂ
ಊಟದ ವಿಷಯಕ್ಕೆ ಬರೋಣ, ನಿಜವಾದ ತೊಡಕು ಅಲ್ಲೇ ಇರೋದು. ಹೊಸ ಪಾಸಮ್ ಗುಳಿಗೆ ತಿನ್ನಲ್ಲ, ಅದನ್ನು ಈಗ ಮರೆತುಬಿಡಿ. ಮೊದಲು ಅಲುಗಾಡುವ ಆಹಾರ.

ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ) ಮೊಟ್ಟೆ ಒಡೆಸೋದು: 1 ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಚಮಚ ಮೊಟ್ಟೆ, ತಳದಿಂದ ಜೋರು ಗಾಳಿ, ಮೇಲೆ ದೀಪ. 27 ಡಿಗ್ರಿಯಲ್ಲಿ 24 ಗಂಟೆ ಸಾಕು. ಮಡಿಕೇರಿಯ ಕೋಣೆಯಲ್ಲಿ ಹಾಗೇ ಇಟ್ಟರೆ ಒಂದೂವರೆ ದಿನವಾದರೂ ಅರ್ಧವೇ ಒಡೆಯೋದು. ಬಾಟಲಿಯನ್ನು ಟ್ಯಾಂಕಿನ ನೀರಲ್ಲೇ ತೇಲಿಬಿಡಿ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಚಿಪ್ಪು ಮೇಲೆ ತೇಲುತ್ತೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಕೊಳವೆಯಲ್ಲಿ ಕೆಳಗಿನದ್ದನ್ನು ಮಾತ್ರ ಎಳೆದು, ಸಣ್ಣ ಜಾಲರಿಯಲ್ಲಿ ಸೋಸಿ ತೊಳೆದು ಕೊಡಿ. ಚಿಪ್ಪು ಸೇರಬಾರದು. ಒಡೆದ ಕೆಲವೇ ಗಂಟೆಯಲ್ಲಿ ಮರಿಯ ಒಡಲಿನ ಸಾರ ಕರಗುತ್ತೆ, ಹಾಗಾಗಿ ಅವತ್ತಿಂದು ಅವತ್ತೇ.

ಕೊಡುವ ಕ್ರಮ ಹೀಗಿರಲಿ. ಪಂಪ್ ನಿಲ್ಲಿಸಿ. ಟ್ಯಾಂಕಿನ ಎಡ ತುದಿಯಲ್ಲಿ ಕ್ಲೌನ್‌ಗೆ ಗುಳಿಗೆ ಹಾಕಿ ಅವನ್ನು ಅಲ್ಲೇ ಕಟ್ಟಿಹಾಕಿ. ಅದೇ ಹೊತ್ತಿಗೆ ಬಲಗಡೆ ಪಾಸಮ್ ಇರುವ ಸಂದಿಯಿಂದ ನಾಲ್ಕು ಬೆರಳು ದೂರಕ್ಕೆ ಉದ್ದ ಪಿಪೆಟ್ ಇಳಿಸಿ, ಹನಿಹನಿಯಾಗಿ ಬಿಡಿ. ಸಂದಿಯೊಳಗೇ ಊದಿದರೆ ಹೆದರಿ ಇನ್ನೂ ಒಳಗೆ ಹೋಗುತ್ತೆ. ದಿನಕ್ಕೆ ಮೂರು ಸಲ, ಪ್ರತಿ ಸಲ ಸ್ವಲ್ಪ. ಕೊನೇ ಊಟ ದೀಪ ಮಂಕಾದ ಮೇಲೆ ಇರಲಿ. ಇದು ಧೈರ್ಯ ಮಾಡೋದು ಆಗಲೇ. ಮೂರ್ನಾಲ್ಕು ದಿನ ಆದಮೇಲೆ ಆರ್ಟೀಮಿಯಾ ಜೊತೆ ಫ್ರೋಜನ್ ಸೈಕ್ಲಾಪ್ಸ್ (ಒಂದು ಬಗೆಯ ಕೋಪೆಪಾಡ್), ಆಮೇಲೆ ಬ್ಲೇಡಿನಲ್ಲಿ ಸಣ್ಣಗೆ ಕತ್ತರಿಸಿದ ಮೈಸಿಸ್. ಇಡೀ ಮೈಸಿಸ್ 4 ಸೆಂಟಿಮೀಟರ್ ಮೀನಿನ ಬಾಯಿಗೆ ದೊಡ್ಡದು, ಕಚ್ಚಿ ಉಗಿಯುತ್ತೆ. ಅದನ್ನು ನೋಡಿ ತಿನ್ನಲ್ಲ ಅಂತ ತೀರ್ಮಾನ ಮಾಡಬೇಡಿ.

ಕೋಪೆಪಾಡ್ ಸಿಕ್ಕಿದರೆ ಟಿಸ್ಬೆ ಜಾತಿ ತರಿಸಿ, ಅದು ಬಂಡೆಯ ಮೇಲೇ ಹರಿದಾಡುತ್ತೆ. ರಾತ್ರಿ ಪಂಪ್ ನಿಲ್ಲಿಸಿ ಬಂಡೆಯ ಬುಡಕ್ಕೆ ಬಿಡಿ. ಸಂಪ್‌ನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಚೀಟೋ ಪಾಚಿ ಒಂದು ಮುಷ್ಟಿ ಇದ್ದರೆ ಅಲ್ಲೇ ಮರಿ ಹಾಕುತ್ತಿರುತ್ತೆ. ಸಿಕ್ಸ್‌ಲೈನ್ ಹೊರಗೆ ಹೋಗದೆ ಇದನ್ನೆಲ್ಲ ಮಾಡೋದು ದಂಡ, ಅದೇ ನುಂಗುತ್ತೆ.

ಕುಶಾಲನಗರ ಉಪ್ಪುನೀರು
ಬಂಡೆ ಜೋಡಣೆಯ ಫೋಟೊ ಇದ್ದರೆ ಚೆನ್ನಾಗಿತ್ತು. ಒಂದೇ ದೊಡ್ಡ ಗುಡ್ಡ ಮಾಡಿದ್ದರೆ ಮೀನು ಅದರ ಹೊಟ್ಟೆಯಲ್ಲೇ ಕೂರುತ್ತೆ. ಎರಡು ಗುಡ್ಡ ಮಾಡಿ, ನಡುವೆ ಒಂದು ಗೇಣು ಬಿಟ್ಟು, ಮೇಲೆ ಚಪ್ಪಟೆ ಬಂಡೆ ಸೇತುವೆ ಥರ ಇಡಿ. 2–3 ಸೆಂಟಿಮೀಟರ್ ಅಗಲದ, ಎರಡೂ ಕಡೆ ತೆರೆದ ಸಂದಿ ಆರೇಳು ಇರಲಿ. ಓಡಲು ದಾರಿ ಹೆಚ್ಚಿದ್ದಷ್ಟೂ ಹೊರಗೆ ಬರೋದು ಹೆಚ್ಚು. ಕಾಣಲಿ ಅಂತ ಸಂದಿ ಕಮ್ಮಿ ಮಾಡುವವರಿಗೆ ಮೀನು ಕಾಣೋದೇ ಇಲ್ಲ.

ನಾಪೋಕ್ಲು ನೀರು
ಮಧ್ಯೆ ಬಂದೆ, ಕ್ಷಮಿಸಿ. ಪಾಸಮ್‌ಗೆ ಮಲಗಲು ಮರಳು ಬೇಡವಾ? ರಾಸ್ ಎಲ್ಲ ಮರಳಲ್ಲಿ ಹೂತುಕೊಳ್ಳುತ್ತೆ ಅಂತ ಓದಿದ್ದೆ.

ವಿರಾಜಪೇಟೆ ರೀಫ್
ಎಲ್ಲ ಅಲ್ಲ. ಲೆಪರ್ಡ್ ರಾಸ್, ಹಳದಿ ಹ್ಯಾಲಿಕೋರಿಸ್ ಇವೆಲ್ಲ ಹೂತುಕೊಂಡು ಮಲಗುವವು. ಅವಕ್ಕೆ 0.5–1 ಮಿಲಿಮೀಟರ್ ಕಣದ ಮರಳು 5ರಿಂದ 7 ಸೆಂಟಿಮೀಟರ್ ಬೇಕೇ ಬೇಕು, ಒರಟು ಹವಳದ ಚೂರು ಹಾಕಿದರೆ ಮೂತಿ, ಮೈ ಗೀರುತ್ತೆ. ಪಾಸಮ್, ಸಿಕ್ಸ್‌ಲೈನ್, ಫೇರಿ ರಾಸ್ ಮಲಗೋದು ಬಂಡೆಯಲ್ಲೇ. ಲೆಪರ್ಡ್ ರಾಸ್ ಇನ್ನೊಂದು ದೊಡ್ಡ ಕಥೆ, ಬೇರೆ ಎಳೆ ಶುರುಮಾಡಿ.

ಸೋಮವಾರಪೇಟೆ ಟ್ಯಾಂಕ್
ಸಿಕ್ಸ್‌ಲೈನ್ ಬಾಟಲಿಗೆ ಬಿತ್ತು, ಕೊಟ್ಟಾಯಿತು. ಪಾಸಮ್ ಸಂಜೆ ಹೊತ್ತು ಬಂಡೆಯ ಮುಂದೆ ಬಂದು ಆರ್ಟೀಮಿಯಾ ತಿಂತಿದೆ. ಆದರೆ ಈಗ ಹತ್ತಿರದಿಂದ ಕಂಡಿದ್ದರಿಂದ ಹೊಸ ಪ್ರಶ್ನೆ: ಎದೆ ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ಎರಡು ಬಿಳಿ ಚುಕ್ಕೆ. ತಾಮ್ರದ ಔಷಧಿ ಬೇಡ ಅಂದಿರಿ, ಮತ್ತೇನು ಮಾಡಲಿ? ಹಾಗೇ ಮುಚ್ಚಳಕ್ಕೆ ಗಾಜು ಹಾಕಲಾ, ಬಲೆ ಹಾಕಲಾ?

ಪೊನ್ನಂಪೇಟೆ ಅಕ್ವೇರಿಯಂ
ತಿಂತಿದ್ದರೆ, ಉಸಿರು ಸಹಜವಾಗಿದ್ದರೆ ಇವತ್ತೇ ಕೈ ಹಾಕಬೇಡಿ. ಚುಕ್ಕೆ ಎರಡು ದಿನದಲ್ಲಿ ಮಾಯವಾಗಿ, ಆಮೇಲೆ ಹೆಚ್ಚಾಗಿ ಬಂದರೆ ಬಿಳಿಚುಕ್ಕೆ ರೋಗ, ಕ್ರಿಪ್ಟೊಕ್ಯಾರಿಯಾನ್. ಅದಕ್ಕೆ ಔಷಧಿ ಇಲ್ಲದ ದಾರಿ ಡಬ್ಬಿ ಬದಲಾಯಿಸೋದು. 20 ಲೀಟರಿನ ಎರಡು ಪ್ಲಾಸ್ಟಿಕ್ ತೊಟ್ಟಿ, ಎರಡಕ್ಕೂ ಬೇರೆ ಬೇರೆ ಹೀಟರ್, ಏರ್ ಸ್ಟೋನ್, ಅಡಗಲು ಪಿವಿಸಿ ಎಲ್ಬೋ. 1ನೇ ದಿನ ಮೊದಲ ತೊಟ್ಟಿಗೆ ಬಿಡಿ, 4, 7, 10ನೇ ದಿನ ಹೊಸ ನೀರಿನ ತೊಟ್ಟಿಗೆ ದಾಟಿಸಿ, 13ಕ್ಕೆ ಹೊರಗೆ. ಮೀನಿನಿಂದ ಉದುರಿದ ಕೋಶ ಒಡೆದು ಮರಿ ಈಜಿ ಬರುವ ಮೊದಲೇ ಮೀನು ಜಾಗ ಬಿಟ್ಟಿರುತ್ತೆ, ಲೆಕ್ಕ ಅಷ್ಟೇ. ಆದ್ದರಿಂದ 72 ಗಂಟೆ ಮೀರಬಾರದು. ಖಾಲಿಯಾದ ತೊಟ್ಟಿ, ಎಲ್ಬೋ ಎಲ್ಲ ತೊಳೆದು ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಏನೂ ತಾನಾಗಿ ಒಣಗಲ್ಲ, ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗಿಡಿ. ಏರ್ ಸ್ಟೋನ್ ಒಳಗೆ ನೀರು ಉಳಿಯುತ್ತೆ, ಪ್ರತಿ ಸಲ ಹೊಸದು ಹಾಕಿ. ಕ್ಲೌನ್‌ಗಳನ್ನೂ ಇದೇ ಸುತ್ತಿಗೆ ಹಾಕಿ, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಬೇಕು.

ಮೈಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಕಂಡು, ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಪರಾವಲಂಬಿ ರೋಗ. ಅದಕ್ಕೆ ಈ ವಿಧಾನ ನಡೆಯಲ್ಲ, ಕಾಯಲೂ ಸಮಯವಿಲ್ಲ. ಬಂಡೆ, ಮರಳು ಇಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ ತಾಮ್ರವೇ ಬೇಕು, ದಿನಾ ಅಳೆದು ನಿಧಾನಕ್ಕೆ ಏರಿಸಬೇಕು. ತಾಮ್ರ ಬೇಡ ಅಂದಿದ್ದು ದೊಡ್ಡ ಟ್ಯಾಂಕಿಗೆ.

ಹಿಡಿಯುವಾಗ ಬಲೆ ಬೇಡ, ಪಾರದರ್ಶಕ ಡಬ್ಬಿಯಲ್ಲಿ ನೀರು ಸಮೇತ ಎತ್ತಿ.

ಮಡಿಕೇರಿ ಮಂಜು
ಮುಚ್ಚಳಕ್ಕೆ ಬಲೆ. ಗಾಜು ಮುಚ್ಚಿದರೆ ಗಾಳಿಯಾಡಲ್ಲ, ಚಳಿಗಾಲದಲ್ಲಿ ಬಿಸಿನೀರಿನ ಹಬೆ ಗಾಜಿನಡಿ ಹನಿಗಟ್ಟಿ ಉಪ್ಪು ಕೂತು ಬೆಳಕೂ ಮಂಕು. ಕಿಟಕಿಗೆ ಸೊಳ್ಳೆಪರದೆ ಹಾಕುವವರ ಹತ್ತಿರ ಪೌಡರ್ ಕೋಟ್ ಆದ ಅಲ್ಯುಮಿನಿಯಂ ಚೌಕಟ್ಟು ಮಾಡಿಸಿ. ಒಳಗೆ ಸೊಳ್ಳೆಪರದೆ ಬೇಡ, ಅದು ಬೆಳಕು ತಿನ್ನುತ್ತೆ. 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ನೈಲಾನ್ ಬಲೆ ಹಾಕಿಸಿ. ಮೀನು ಹಾರೋದು ಹೆಚ್ಚಾಗಿ ಹೊಸದರಲ್ಲಿ, ದೀಪ ತಟ್ಟನೆ ಆರಿದಾಗ, ಅದೂ ನಡುವಿನಿಂದ ಅಲ್ಲ. ಪೈಪ್, ವಯರ್ ಇಳಿಯುವ ಮೂಲೆಯ ಸಂದಿಯಿಂದಲೇ. ಆ ಸಂದಿಗಳಿಗೆ ಸ್ಪಾಂಜ್ ತುಂಡು ತುರುಕಿ. ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಬಾಚಣಿಗೆಯ ಹಲ್ಲಿಗೂ ಅದೇ ಬಲೆಯ ತುಂಡು ಕಟ್ಟಿ, 4 ಸೆಂಟಿಮೀಟರ್ ಪಾಸಮ್ ಅಲ್ಲಿ ಸಲೀಸಾಗಿ ನುಸುಳಿ ಸಂಪ್‌ಗೆ ಹೋಗುತ್ತೆ. ಮೀನು ಕಾಣೆಯಾದರೆ ಮೊದಲು ಫಿಲ್ಟರ್ ಸಾಕ್ಸ್ ಒಳಗೆ ನೋಡಿ.